ಮನೆಗೆ ಬಾರದ ನಲ್ಲಿ

ಪುಟ್ಟಿಯ ಕಣ್ಣಿಗೆ ಕುದಿಯುವ ಕಾಸ್ಟಿಕ್ ಸೋಡಾ ಸಿಡಿದಾಗ ಒಲೆಯಿಂದ ಎರಡೇ ಹೆಜ್ಜೆ ದೂರದಲ್ಲಿ ನೀರಿನ ಕೊಡವಿತ್ತು. ಬೆಳಿಗ್ಗೆಯಷ್ಟೇ ತುಂಬಿಟ್ಟ ಕೊಡ. ಅಕ್ಕ ಅದನ್ನು ದಾಟಿಕೊಂಡು ಹೋಗಿ ಗೂಡಿನಲ್ಲಿದ್ದ ವಿನೆಗರ್ ಬಾಟಲಿಯನ್ನು ತಂದಳು.

ಆ ಅಡುಗೆಮನೆಯಲ್ಲಿ ನೀರೆಂದರೆ ಭಯ. ಆ ಭಯ ಕಲಿಸಿದವನು ಅತ್ತರಣ್ಣ. ಬಂದೂಕಿನ ಕಾರ್ಖಾನೆಗೂ ಈ ಓಣಿಗೂ ನಡುವೆ ಓಡಾಡುವ ಏಜೆಂಟು. ಯಾರ ಮನೆ ಹೊಕ್ಕರೂ ಮೊದಲು ಅತ್ತರು ಹಾಕಿದ ಕರವಸ್ತ್ರವನ್ನು ಮೂಗಿಗೆ ಹಿಡಿಯುತ್ತಿದ್ದ. ಅದಕ್ಕೇ ಹೆಂಗಸರು ಇಟ್ಟ ಹೆಸರದು. ಬಂದೂಕಿನ ಬಿಡಿಭಾಗಗಳನ್ನು ಬೇಯಿಸಿ ಕಪ್ಪಾಗಿಸುವ ಕೆಲಸ ಕಲಿಸಲು ಬಂದ ಮೊದಲ ದಿನವೇ ಬಾಗಿಲಲ್ಲಿ ನಿಂತು, ಕರವಸ್ತ್ರದ ಒಳಗಿನಿಂದಲೇ ಹೇಳಿದ್ದ:

"ನೀರು ಕಂಡ್ರೆ ಇದಕ್ಕೆ ಹುಚ್ಚು ಹಿಡಿಯುತ್ತೆ. ಆವಿಯಾಗಿ ಕಮ್ಮಿಯಾದಾಗ ಅಂಚಿಂದ ತೊಟ್ಟು ತೊಟ್ಟಾಗಿ ಬಿಡಿ. ಸುರಿದ್ರೋ, ಬಾಣಲೆಯೇ ಎದ್ದು ಮುಖಕ್ಕೆ ಬರುತ್ತೆ. ಮೈಗೆ ಸಿಡಿದ್ರೆ ಇಗೋ ವಿನೆಗರ್. ಹುಳಿ ಬಿದ್ರೆ ಉರಿ ಸಾಯುತ್ತೆ. ನೀರು ಮಾತ್ರ ಹತ್ರ ತರಬೇಡಿ."

ಓಣಿಯ ಹೆಂಗಸರು ಅದನ್ನು ಹಾಗೇ ನುಂಗಿಕೊಂಡರು. ಬೆರಳಿಗೆ ಸಿಡಿದಾಗೆಲ್ಲ ವಿನೆಗರ್ ಹಚ್ಚಿದರು. ಚರ್ಮ ಬಿಳಿಚಿಕೊಂಡು ಸಿಪ್ಪೆ ಎದ್ದರೂ "ಉರಿ ನಿಂತಿತಲ್ಲ" ಎಂದುಕೊಂಡರು. ಹೀಗಾಗಿ ಪುಟ್ಟಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನೆಲದ ಮೇಲೆ ಹೊರಳುತ್ತಿದ್ದಾಗ ಅಕ್ಕನ ಕೈಗಳು ತಾವು ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದವು. ತಂಗಿಯ ತಲೆಯನ್ನು ತೊಡೆಗಳ ನಡುವೆ ಅಮುಕಿ ಹಿಡಿದು, ರೆಪ್ಪೆ ಬಿಡಿಸಿ, ಬಾಟಲಿ ಬಗ್ಗಿಸಿದಳು.

ಪುಟ್ಟಿ ಕಿರುಚಿದ ರೀತಿಗೆ ಎದುರುಮನೆಯ ಅತ್ತಿಗೆ ಓಡಿ ಬಂದಳು. ಆಕೆಯ ಹಿಂದೆ, ಆಗಷ್ಟೇ ಸರಕು ಎತ್ತಿಕೊಂಡು ಹೋಗಲು ಬಂದಿದ್ದ ಅತ್ತರಣ್ಣ. ಕರವಸ್ತ್ರ ಮೂಗಿನಿಂದ ಕೆಳಗಿಳಿದದ್ದನ್ನು ಓಣಿ ನೋಡಿದ್ದು ಅದೇ ಮೊದಲು.

ಆಗಿದ್ದಿಷ್ಟು. ಕಳೆದ ಸಲ ಪುಟ್ಟಿ ಬೇಯಿಸಿಕೊಟ್ಟ ಟ್ರಿಗರ್‌ಗಳಲ್ಲಿ ಹಲವು ಕಪ್ಪಿನ ಬದಲು ಕೆಂಪು ಹೊಡೆದಿದ್ದವು. ಬಾಣಲೆಯ ನೀರು ಇಂಗಿ ಶಾಖ ಏರಿದರೆ ಹಾಗಾಗುತ್ತದೆ. "ಇನ್ನೊಂದ್ಸಲ ಕೆಂಪಾದ್ರೆ ನಿಮ್ಮನೆಗೆ ಕೆಲಸ ಇಲ್ಲ" ಎಂದು ಅತ್ತರಣ್ಣ ಹೇಳಿಹೋಗಿದ್ದ. ಇವತ್ತು ಅವನ ವ್ಯಾನಿನ ಹಾರ್ನು ಓಣಿಯ ತುದಿಯಲ್ಲಿ ಕೇಳಿದಾಗ ಪುಟ್ಟಿ ಸೌಟಿನಿಂದ ಒಂದು ಟ್ರಿಗರ್ ಎತ್ತಿ ನೋಡಿದಳು. ಅಂಚಿನಲ್ಲಿ ತಾಮ್ರದಂಥ ಕೆಂಪು. ಶಾಖ ಇಳಿಸಬೇಕು, ಈಗಲೇ ಇಳಿಸಬೇಕು. ತೊಟ್ಟು ತೊಟ್ಟಾಗಿ ಬಿಡಲು ವ್ಯವಧಾನವೆಲ್ಲಿ? ಚೊಂಬನ್ನೇ ಬಗ್ಗಿಸಿದಳು.

ಕಾರ್ಖಾನೆಯಲ್ಲಿ ಈ ಕೆಲಸಕ್ಕೆಂದೇ ಒಂದು ಕೋಣೆಯಿತ್ತು. ಕಪ್ಪುಕೋಣೆ. ಉಕ್ಕಿಗೆ ತುಕ್ಕು ಹಿಡಿಯದಂತೆ, ಕೊಳ್ಳುವವನ ಕಣ್ಣು ಅದರ ಮೇಲೆ ನಿಲ್ಲುವಂತೆ, ನೀಲಿ ಹೊಡೆಯುವ ಮಿರುಗಪ್ಪು ಹತ್ತಿಸುವ ಜಾಗ. ಈ ಅಕ್ಕತಂಗಿಯರ ಅಪ್ಪ ತನ್ನ ಹರೆಯವನ್ನೆಲ್ಲ ಅಲ್ಲೇ ಬೇಯಿಸಿಕೊಂಡು, ಪುಪ್ಪುಸ ಹಾಳಾದ ಮೇಲೆ ಮನೆಗೆ ಬಂದವನು. ಆಮೇಲೆ ಯಾರೋ ಅಧಿಕಾರಿಗಳು ಬಂದು ನೋಡಿ, ಈ ಆವಿ ಮನುಷ್ಯರು ಕುಡಿಯುವಂಥದ್ದಲ್ಲ, ದೊಡ್ಡ ಚಿಮಣಿ ಕಟ್ಟಿಸಿ ಎಂದರು. ಕಂಪನಿ ಚಿಮಣಿ ಕಟ್ಟಿಸಲಿಲ್ಲ, ಕೋಣೆಗೆ ಬೀಗ ಹಾಕಿತು. ಅಧಿಕಾರಿಗಳಿಗೆ ಸಮಾಧಾನವಾಯಿತು. ಬಂದೂಕುಗಳು ಮಾತ್ರ ಮೊದಲಿನಷ್ಟೇ ಕಪ್ಪಗೆ, ಮೊದಲಿಗಿಂತ ಹೆಚ್ಚಾಗಿಯೇ ಗೇಟು ದಾಟುತ್ತಿದ್ದವು. ಅವು ಎಲ್ಲಿ ಕಪ್ಪಾಗುತ್ತಿವೆ ಎಂದು ಯಾರೂ ಕೇಳಲಿಲ್ಲ. ಯಾರೂ ಕೇಳುವುದಿಲ್ಲ ಎಂಬ ಲೆಕ್ಕಾಚಾರದ ಮೇಲೆಯೇ ಆ ಬೀಗ ಬಿದ್ದದ್ದು.

ಅವು ಈ ಓಣಿಯಲ್ಲಿ ಕಪ್ಪಾಗುತ್ತಿದ್ದವು. ಮಕ್ಕಳು ಮಲಗುವ ಕೋಣೆಯ ಪಕ್ಕದ ಒಲೆಗಳ ಮೇಲೆ. ಮೋರಿಯ ಕಟ್ಟು ಬಿಡಿಸುವ ಕಾಸ್ಟಿಕ್ ಪುಡಿ, ಗೊಬ್ಬರದ ಅಂಗಡಿಯ ಉಪ್ಪು: ಯಾರ ಮನೆಯಲ್ಲಿ ಸಿಕ್ಕರೂ ಏನಿದು ಎಂದು ಕೇಳುವಂತಿಲ್ಲದ ಸಾಮಾನು. ಹೆಂಗಸರು ಅದಕ್ಕೆ 'ಎರಡನೇ ಅಡುಗೆ' ಎನ್ನುತ್ತಿದ್ದರು. ಶುರುವಿನಲ್ಲಿ ಎದುರುಮನೆ ಅತ್ತಿಗೆ ಗೊತ್ತಿಲ್ಲದೆ ಅಲ್ಯೂಮಿನಿಯಂ ಪಾತ್ರೆ ಇಟ್ಟು, ಅದರ ತಳವೇ ನೊರೆಯಾಗಿ ಕರಗಿಹೋಗಿತ್ತು. "ನಮ್ಮಮ್ಮ ಕೊಟ್ಟಿದ್ದ ಒಂದೇ ಒಂದು ಪಾತ್ರೆ ಕಣ್ರೇ. ನನ್ನ ಗಂಡನ್ನ ಅದರಲ್ಲಿ ಕೂರಿಸಿದ್ರೆ ಅವನೂ ಹಿಂಗೇ ಕರಗ್ತಾನಾ ಅಂತ ಯೋಚನೆ ಮಾಡ್ತಿದ್ದೀನಿ" ಎಂದು ಆಕೆ ಹೇಳಿದಾಗ ಓಣಿಯೆಲ್ಲ ನಕ್ಕಿತ್ತು. ಕೆಮ್ಮುತ್ತಲೇ ನಕ್ಕಿತ್ತು.

ಅತ್ತರಣ್ಣ ಅಕ್ಕತಂಗಿ ಇಬ್ಬರನ್ನೂ ವ್ಯಾನಿಗೆ ಹತ್ತಿಸಿಕೊಂಡ. ಹಿಂದೆ ಕಪ್ಪಾದ ಬಿಡಿಭಾಗಗಳ ಗೋಣಿಚೀಲಗಳು, ಅವುಗಳ ಮೇಲೆ ಪುಟ್ಟಿ. ಆಸ್ಪತ್ರೆಯ ದಾರಿಯುದ್ದಕ್ಕೂ ಅವನು ಮುಂದಿನ ಕನ್ನಡಿಯಲ್ಲಿ ಅಕ್ಕನನ್ನು ನೋಡುತ್ತ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದ.

"ಮೋರಿ ಕಟ್ಕೊಂಡಿತ್ತು, ಪುಡಿ ಹಾಕ್ತಿದ್ವಿ, ಸಿಡೀತು. ಇಷ್ಟೇ. ಗೊತ್ತಾಯ್ತೇನಮ್ಮಾ? ಬಂದೂಕಿನ ಸಾಮಾನು ಮನೇಲಿದೆ ಅಂದ್ರೆ ಮೊದಲು ಒಳಗೆ ಹಾಕೋದು ನಿನ್ನನ್ನ. ಆಮೇಲೆ ನಿನ್ನ ಓಣಿನ."

"ಆಯ್ತಣ್ಣಾ, ಬೇಗ ಓಡ್ಸಣ್ಣಾ."

"ಓಡಿಸ್ತೀನಿ. ಹೇಳು, ಏನಂತ ಹೇಳ್ತೀಯಾ?"

"ಮೋರಿ ಕಟ್ಕೊಂಡಿತ್ತು."

ಅವನು ಆಗ ಗೇರು ಬದಲಿಸಿದ.

ಕಣ್ಣಿನ ಡಾಕ್ಟರು ಅಕ್ಕನ ವಯಸ್ಸಿನ ಹೆಂಗಸು. ಪುಟ್ಟಿಯನ್ನು ಮಂಚಕ್ಕೆ ಹಾಕಿದ್ದೇ ತಡ, ಏನೂ ಕೇಳದೆ ಎರಡೂ ಕಣ್ಣಿಗೆ ಕೊಳವೆಯಿಂದ ನೀರು ಬಿಡತೊಡಗಿದಳು. ಬಾಟಲಿ ಖಾಲಿಯಾದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ನೀರು ಕೂದಲಲ್ಲಿ ಇಳಿದು, ಮಂಚದಿಂದ ನೆಲಕ್ಕೆ ಹರಿದು, ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಾಲಿನವರೆಗೂ ಬಂತು. ನೀರು ಕಂಡ ಕೂಡಲೇ ಅಕ್ಕ ಹಿಂದೆ ಸರಿದಳು. ಮೈಗೆ ಅಂಟಿದ ಅಭ್ಯಾಸ.

"ಏನು ಬಿದ್ದಿದ್ದು?"

"ಮೋರಿಗೆ ಹಾಕೋ ಪುಡಿ, ಮೇಡಂ. ಮೋರಿ ಕಟ್ಕೊಂಡಿತ್ತು."

"ಕಣ್ಣಿಗೆ ಬಿದ್ದ ಕೂಡ್ಲೆ ನೀರು ಹಾಕಿದ್ರಿ ತಾನೆ? ಎಷ್ಟು ಹೊತ್ತು ಹಾಕಿದ್ರಿ?"

"ನೀರು ಹಾಕ್ಲಿಲ್ಲ. ವಿನೆಗರ್ ಹಾಕ್ದೆ."

ಡಾಕ್ಟರ ಕೈ ಒಂದು ಗಳಿಗೆ ನಿಂತಿತು. ಅವಳು ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

"ಮನೇಲಿ ನೀರು ಇರ್ಲಿಲ್ವಾ?"

"ಇತ್ತು."

ಕೊಳವೆ ಮತ್ತೆ ಹರಿಯತೊಡಗಿತು. ಮೊದಲ ಗಳಿಗೆಯಲ್ಲಿ ಒಂದು ಕೊಡ ನೀರು ಸುರಿದಿದ್ದರೆ ಉಳಿಯುತ್ತಿದ್ದುದನ್ನು ಈಗ ಈ ಆಸ್ಪತ್ರೆಯ ನೀರೆಲ್ಲ ಸುರಿದರೂ ವಾಪಸು ತರಲಾಗದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ನೀರಿನ ಸದ್ದಿನಲ್ಲೇ ಅಕ್ಕನಿಗೆ ಎಲ್ಲ ಅರ್ಥವಾಯಿತು.

ಆಮೇಲೆ ಡಾಕ್ಟರು ಅವಳನ್ನು ಹೊರಗಿನ ಬೆಂಚಿಗೆ ಕರೆತಂದು ಕೂರಿಸಿದಳು.

"ಬಲಗಣ್ಣಿನ ಬಗ್ಗೆ ನಾನು ಸುಳ್ಳು ಹೇಳಲ್ಲ. ಹೋಗಿದೆ. ಎಡಗಣ್ಣಿಗೆ ಇನ್ನೂ ಒಂದು ದಾರಿ ಇದೆ. ಮೇಲಿನ ಪೊರೆ ಸುಟ್ಟಿದೆ, ಬೇರೆ ಪೊರೆ ಹೊಲಿದು ಮುಚ್ಚಬೇಕು. ಆ ಆಪರೇಷನ್ ಇಲ್ಲಿ ಆಗಲ್ಲ, ಕಾರ್ಮಿಕರ ದೊಡ್ಡಾಸ್ಪತ್ರೇಲಿ ಮಾತ್ರ ಆಗುತ್ತೆ."

"ಈಗ್ಲೇ ಕರ್ಕೊಂಡು ಹೋಗ್ತೀನಿ, ಮೇಡಂ. ಹೊತ್ಕೊಂಡಾದ್ರೂ ಹೋಗ್ತೀನಿ."

"ಕೇಳಿ ಇಲ್ಲಿ. ಕೆಲಸದಲ್ಲಿ ಆದ ಗಾಯ ಆದ್ರೆ ಅವರು ಇವತ್ತೇ ಒಳಗೆ ತಗೋತಾರೆ. ಮನೆಯಲ್ಲಿ ಆಗಿದ್ದು, ಮೋರಿ ತೊಳೆಯುವಾಗ ಆಗಿದ್ದು ಅಂದ್ರೆ ಸಾಲಲ್ಲಿ ನಿಲ್ಲಿಸ್ತಾರೆ. ನೀವು ಸಾಲಲ್ಲಿ ನಿಲ್ಲಬಹುದು. ಕಣ್ಣು ನಿಲ್ಲಲ್ಲ. ಒಳಗೆ ಗಾಯ ಕೂಡ್ಕೊಂಡು ಬಿಳಿ ಗೋಡೆ ಎದ್ರೆ ಮುಗೀತು."

ಅಕ್ಕ ಡಾಕ್ಟರ ಎರಡೂ ಕೈ ಹಿಡಿದುಕೊಂಡಳು. ಎಲ್ಲವನ್ನೂ ಹೇಳಿದಳು. ಕಪ್ಪುಕೋಣೆ, ಬೀಗ, ಗೋಣಿಚೀಲ, ಬಾಣಲೆ, ಕೆಂಪು ಹೊಡೆದ ಟ್ರಿಗರ್.

ಡಾಕ್ಟರು ಅಲ್ಲೇ ನಿಂತು ಕಾರ್ಖಾನೆಗೆ ಫೋನು ಹಚ್ಚಿದಳು. ಅತ್ತ ಕಡೆಯ ದನಿ ಬಲು ವಿನಯದ್ದು. ಬೆಂಚಿನವರೆಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕಪ್ಪುಕೋಣೆ ಮುಚ್ಚಿ ಬಹಳ ಕಾಲವಾಯಿತು. ಆ ಕೆಲಸಕ್ಕೆ ನಮ್ಮಲ್ಲಿ ಹೆಂಗಸರೇ ಇಲ್ಲ. ನಮ್ಮ ಒಂದು ತಿರುಪುಮೊಳೆಯೂ ಗೇಟಿನ ಹೊರಗೆ ಹೋಗುವುದಿಲ್ಲ. ಆ ಬಡಹುಡುಗಿಯ ವಿಷಯ ಕೇಳಿ ತುಂಬ ದುಃಖವಾಯಿತು.

"ನಾನು ನಿಮ್ಮನ್ನ ನಂಬ್ತೀನಿ," ಎಂದಳು ಡಾಕ್ಟರು ಫೋನು ಇಟ್ಟು. "ಆದ್ರೆ ನನ್ನ ನಂಬಿಕೆ ನೋಡಿ ಆ ಆಸ್ಪತ್ರೆ ಬಾಗಿಲು ತೆಗೆಯಲ್ಲ. ಕಾರ್ಖಾನೆ ಸಾಮಾನು ಒಂದು, ಕಾರ್ಖಾನೆ ಗುರುತಿರೋದು, ನನ್ನ ಕೈಗೆ ತಂದುಕೊಡಿ. ನಾಳೆ ಬೆಳಿಗ್ಗೆ ಆ ಕಡೆ ಹೋಗೋ ಗಾಡಿ ಇದೆ, ಅದರಲ್ಲಿ ಕಳಿಸ್ತೀನಿ. ಆದ್ರೆ ಒಂದು ಮಾತು. ಬಂದೂಕಿನ ಸಾಮಾನು ನನ್ನ ಮೇಜಿಗೆ ಬಂದ್ರೆ ನಾನು ಪೊಲೀಸಿಗೆ ಹೇಳದೆ ಇರೋ ಹಾಗಿಲ್ಲ."

ಹೊರಡುವ ಮುಂಚೆ ಅಕ್ಕ ಪುಟ್ಟಿಯ ಮಂಚದ ಬಳಿ ಹೋದಳು. ಎರಡು ಕಣ್ಣಿಗೂ ಹತ್ತಿ, ಅದರ ಮೇಲೆ ಪಟ್ಟಿ. ಹೆಜ್ಜೆಯ ಸದ್ದಿಗೇ ಪುಟ್ಟಿ ಗುರುತು ಹಿಡಿದಳು.

"ಅಕ್ಕಾ, ಅವು ಕಪ್ಪಾದ್ವಾ, ಕೆಂಪಾದ್ವಾ?"

"ಯಾವ್ದು ಪುಟ್ಟಿ?"

"ಟ್ರಿಗರ್ ಕಣೇ. ಬಾಣಲೇಲಿದ್ವಲ್ಲ. ಕೆಂಪಾಗಿದ್ರೆ ಅತ್ತರಣ್ಣ ವಾಪಸ್ ಎಸೀತಾನೆ."

"ಕಪ್ಪಾಗಿವೆ. ಕಾಗೆ ಹಂಗೆ ಕಪ್ಪಾಗಿವೆ."

"ಸದ್ಯ." ಪುಟ್ಟಿ ತುಟಿ ಸೊಟ್ಟ ಮಾಡಿದಳು, ನಗುವಾಗಿರಬೇಕು. "ನನಗೂ ಎಲ್ಲಾ ಕಪ್ಪಾಗೇ ಕಾಣ್ತಿದೆ. ಒಳ್ಳೆ ಕೆಲಸಗಾರ್ತಿ ಅಂದ್ರೆ ಹಂಗಿರ್ಬೇಕು ನೋಡು."

ಅಕ್ಕ ನಗಲಿಲ್ಲ. ಪುಟ್ಟಿಯ ಕೈಯನ್ನು ಹೊದಿಕೆಯೊಳಗೆ ಸೇರಿಸಿ ಓಡಿದಳು.

ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ಅಡುಗೆಮನೆ ಹಬೆಯಾಡುತ್ತಿರಲಿಲ್ಲ, ನಾರುತ್ತಿರಲಿಲ್ಲ. ಬಾಣಲೆ ಇಲ್ಲ. ಪುಡಿಯ ಡಬ್ಬಗಳಿಲ್ಲ, ತಂತಿಯ ಕೊಕ್ಕೆಗಳಿಲ್ಲ, ಬಿಡಿಭಾಗಗಳ ಚೀಲವಿಲ್ಲ. ನೆಲವನ್ನೂ ಒರೆಸಲಾಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಇವರನ್ನು ಇಳಿಸಿದವನು ನೇರ ಇಲ್ಲಿಗೇ ಬಂದಿದ್ದ. ಒಲೆಯ ಮೇಲೆ ಒಂದು ಹೊಸ ಡಬ್ಬ ಮಾತ್ರ ಇತ್ತು. ಅದರ ಮೇಲೆ ಮೋರಿಯ ಚಿತ್ರ.

ಅವಳು ಎದುರುಮನೆಗೆ ಹಾರಿದಳು. ಅತ್ತಿಗೆಯ ಒಲೆಯ ಮೇಲೆ ಬಾಣಲೆ ಕುದಿಯುತ್ತಿತ್ತು.

"ಅತ್ತಿಗೇ, ಒಂದು ಟ್ರಿಗರ್ ಕೊಡಿ. ಒಂದೇ ಒಂದು. ಪುಟ್ಟಿ ಕಣ್ಣಿಗೆ ಬೇಕು."

ಯಾವ ಮಾತಿಗೂ ಮಾರುತ್ತರ ಇಟ್ಟುಕೊಂಡಿರುವ ಅತ್ತಿಗೆ ಬಾಗಿಲನ್ನು ಅರ್ಧ ಮುಂದೆ ಮಾಡಿದಳು.

"ಅವನು ಎಲ್ಲಾ ಎಣಿಸಿಟ್ಟು ಹೋಗಿದಾನೆ ಕಣೇ. ಒಂದು ಕಮ್ಮಿ ಬಿದ್ರೂ ಯಾರ ಮನೇದು ಅಂತ ಗೊತ್ತಾಗುತ್ತೆ. ನನ್ನ ಮೂರು ಮಕ್ಕಳ ಮುಖ ನೋಡು. ನೋಡೇ ಒಂದ್ಸಲ."

"ಅತ್ತಿಗೇ, ಅವಳ ಬಾಣಂತನ ನಾನೇ ಮಾಡ್ತೀನಿ ಅಂತಿದ್ದೋರು ನೀವು..."

"ಹೌದು ಅಂತಿದ್ದೆ. ಈಗ್ಲೂ ಅಂತೀನಿ. ಟ್ರಿಗರ್ ಕೇಳ್ಬೇಡ."

ಬಾಗಿಲು ಮುಚ್ಚಿತು. ಅದರ ಹಿಂದೆ ಅತ್ತಿಗೆ ಅಳುವುದೂ ಬಾಣಲೆ ಕುದಿಯುವುದೂ ಒಟ್ಟಿಗೇ ಕೇಳಿಸಿದವು. ಅಕ್ಕ ಇನ್ನೊಂದು ಬಾಗಿಲು ಬಡಿದಳು, ಮತ್ತೊಂದು ಬಡಿದಳು. ಒಂದು ಕಡೆ ನೀರು ಕೊಟ್ಟರು, ಒಂದು ಕಡೆ ಕಣ್ಣೀರು ಕೊಟ್ಟರು, ಟ್ರಿಗರ್ ಯಾರೂ ಕೊಡಲಿಲ್ಲ. ಈ ಹೆಂಗಸರು ಕೆಟ್ಟವರೆಂದು ಯಾರಾದರೂ ಅಂದುಕೊಂಡರೆ ಅವರು ಒಂದು ದಿನ ಈ ಓಣಿಯ ಒಲೆಯ ಮುಂದೆ ನಿಂತು ನೋಡಲಿ. ಒಬ್ಬಳ ಕಣ್ಣನ್ನೂ ಇನ್ನೊಬ್ಬಳ ಮಕ್ಕಳ ತಟ್ಟೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟವರು ಯಾರೆಂದು ನೋಡಲಿ. ತಕ್ಕಡಿ ಹಿಡಿದವನು ಈ ಓಣಿಯಲ್ಲಿ ವಾಸವಿಲ್ಲ.

ಮನೆಗೆ ಮರಳಿದಾಗ ಅಪ್ಪ ಬಂದಿದ್ದ. ಬೆಳಿಗ್ಗೆಯಿಂದ ಔಷಧಿ ಅಂಗಡಿಯ ಮುಂದೆ ಕಾದು ನಿಂತಿದ್ದವನಿಗೆ ಓಣಿಯ ಬಾಯಲ್ಲಿ ಸುದ್ದಿ ಸಿಕ್ಕಿತ್ತು. ಒರೆಸಿದ ನೆಲದ ನಡುವೆ ನಿಂತು ಏದುಸಿರು ಬಿಡುತ್ತಿದ್ದ.

"ನೀರು ಹಾಕಿದ್ಯಾ?"

ಅದೇ ಪ್ರಶ್ನೆ. ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

"ಯಾಕೇ? ನೀರು ಹಾಕ್ಬೇಕಲ್ವೇನೇ?"

"ನನಗೇನು ಗೊತ್ತಪ್ಪಾ? ನೀರು ತರಬೇಡಿ, ನೀರು ತರಬೇಡಿ ಅಂತಲೇ ಹೇಳ್ಕೊಟ್ರಲ್ಲ!"

"ಬಾಣಲೆಗೆ ಕಣೇ, ಬಾಣಲೆಗೆ! ಕಣ್ಣಿಗಲ್ಲ!" ಅಪ್ಪನಿಗೆ ಕೆಮ್ಮು ಒತ್ತರಿಸಿ ಬಂತು. ಗೋಡೆ ಹಿಡಿದುಕೊಂಡು ಮಾತು ಮುಂದುವರಿಸಿದ. "ಕಪ್ಪುಕೋಣೇಲಿ ಒಂದು ಹಸಿರು ನಲ್ಲಿ ಇತ್ತು. ತೊಟ್ಟಿ ಪಕ್ಕದಲ್ಲೇ. ಇಲ್ಲಿ, ಎದೆಮಟ್ಟಕ್ಕೆ. ಬಾಯಿ ಮೇಲಕ್ಕೆ ಮಾಡಿತ್ತು ಅದು. ಕಾಲಲ್ಲಿ ಒತ್ತಿದ್ರೆ ನೀರು ಮೇಲಕ್ಕೆ ಚಿಮ್ಮೋದು, ಮುಖ ಬಗ್ಗಿಸಿ ಕಣ್ಣು ಬಿಟ್ಕೊಂಡು ನಿಲ್ಬೇಕು. ನನ್ನನ್ನೇ ಎರಡು ಸಲ ಹಿಡ್ಕೊಂಡು ಬಗ್ಗಿಸಿದ್ರು. ಅದಕ್ಕೇ ನನಗೆ ಇವತ್ತಿಗೂ ಕಣ್ಣು ಇದೆ."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ಅವರು ಹೇಳಿರ್ತಾರೆ ಅಂದ್ಕೊಂಡೆ." ಅಪ್ಪ ಒಲೆಯನ್ನೇ ನೋಡುತ್ತಿದ್ದ. "ಕಂಪನಿ ಕೆಲಸ ಅಲ್ವಾ. ಕಂಪನಿಯೋರು ಅದನ್ನ ಮರೀತಾರಾ ಅಂದ್ಕೊಂಡೆ."

ಕಂಪನಿ ಮರೆತಿರಲಿಲ್ಲ. ಪುಡಿಯನ್ನು ಕಳಿಸಿತು, ಉಪ್ಪನ್ನು ಕಳಿಸಿತು. ಬಾಣಲೆ, ಕೊಕ್ಕೆ, ಸೌಟು, ಆವಿ, ಕೆಮ್ಮು, ಸುಟ್ಟ ಬೆರಳು, ಎಲ್ಲವನ್ನೂ ಒಂದೊಂದಾಗಿ ರಸ್ತೆ ದಾಟಿಸಿ ಈ ಅಡುಗೆಮನೆಗಳಿಗೆ ತಲುಪಿಸಿತು. ನಲ್ಲಿಯೊಂದನ್ನು ಬೀಗ ಹಾಕಿದ ಕೋಣೆಯಲ್ಲಿ ಬಿಟ್ಟಿತು. ಒಂದು ಮನೆಗೆ ನಲ್ಲಿ ಕೊಟ್ಟರೆ ಆ ಮನೆ ಕಾರ್ಖಾನೆ ಎಂದು ಒಪ್ಪಿಕೊಂಡಂತೆ. ವಿನೆಗರ್ ಆದರೆ ಎಲ್ಲರ ಮನೆಯ ಗೂಡಿನಲ್ಲೂ ಇರುವಂಥದ್ದು.

ಅಕ್ಕ ಅಲ್ಲೇ ಕುಸಿದು ಕುಳಿತಳು. "ಒಂದು ಟ್ರಿಗರ್ ಬೇಕಪ್ಪಾ. ಗುರುತಿರೋದು. ಅವನು ಎಲ್ಲಾ ಬಳ್ಕೊಂಡು ಹೋಗಿದಾನೆ. ಯಾರೂ ಕೊಡ್ತಿಲ್ಲ."

ಅಪ್ಪ ಕೇಳಿದ:

"ಕಪ್ಪಾದ ಮೇಲೆ ಎಲ್ಲಿ ತೊಳೀತಿದ್ರಿ?"

"ಇನ್ನೆಲ್ಲಿ, ಇಲ್ಲೇ ಬಚ್ಚಲಲ್ಲಿ."

ತಂದೆ ಮಗಳು ಮುಖ ಮುಖ ನೋಡಿಕೊಂಡರು. ಮರುಗಳಿಗೆಯಲ್ಲಿ ಅಪ್ಪ ಬಚ್ಚಲ ಮೂಲೆಯಲ್ಲಿ ಮೊಣಕಾಲೂರಿದ್ದ. ಅತ್ತರಣ್ಣ ನೆಲ ಒರೆಸಿದ್ದ, ಗೂಡು ಒರೆಸಿದ್ದ. ಅತ್ತರು ಹಾಕಿದ ಕರವಸ್ತ್ರದವನು ಬಚ್ಚಲ ತೂತಿಗೆ ಕೈ ಹಾಕುವವನಲ್ಲ. ಅಪ್ಪ ಜಾಲರಿ ಕಿತ್ತು ಮೊಣಕೈವರೆಗೆ ಕೈ ಇಳಿಸಿದ. ಕೂದಲ ಉಂಡೆ ಬಂತು. ಕರೀ ಜಿಗಟು ಬಂತು. ಸೋಪಿನ ಚೂರು, ಒಂದು ಗುಂಡಿ, ಪುಟ್ಟಿ ಎಂದೋ ಕಳೆದುಕೊಂಡು ಮನೆಯೆಲ್ಲ ಹುಡುಕಿದ್ದ ಓಲೆ.

"ಪಕ್ಕಕ್ಕೆ ಸರಿಯಪ್ಪಾ, ನಿನ್ನ ಕೈ ಅಲ್ಲಿಗೆ ಹೋಗಲ್ಲ."

ಅಕ್ಕನ ಕೈ ತೆಳ್ಳಗಿತ್ತು. ಕೊಳವೆ ತಿರುಗುವಲ್ಲಿ, ಕೆಸರಿನ ಅಡಿಯಲ್ಲಿ, ಬೆರಳ ತುದಿಗೆ ಏನೋ ತಣ್ಣಗೆ ಬಾಗಿದ್ದು ತಗುಲಿತು. ಅದರ ಬಾಗು ಬೆರಳಿಗೆ ಗೊತ್ತಿತ್ತು. ಇಷ್ಟು ದಿನ ಅದನ್ನೇ ಬೇಯಿಸಿದ ಬೆರಳು. ಉಗುರು ಸೀಳಿದರೂ ಬಿಡದೆ ಎಳೆದಳು.

ಟ್ರಿಗರ್. ಅಪ್ಪ ಅದನ್ನು ಅಂಗಿಗೆ ಒರೆಸಿ ಬೆಳಕಿಗೆ ಹಿಡಿದ. ಅಷ್ಟು ಕಾಲ ಕೊಚ್ಚೆಯಲ್ಲಿದ್ದರೂ ತುಕ್ಕಿನ ಚುಕ್ಕೆಯಿಲ್ಲ. ಮಿರುಗಪ್ಪು, ಓರೆ ಮಾಡಿದರೆ ನೀಲಿ. ಚಪ್ಪಟೆ ಭಾಗದಲ್ಲಿ ಕಾರ್ಖಾನೆಯ ನಕ್ಷತ್ರದ ಗುರುತು.

"ಯಾರು ಬೇಯಿಸಿದ್ದಿದು?"

"ಪುಟ್ಟಿ."

"ಎಷ್ಟು ಚೆನ್ನಾಗಿ ಹತ್ತಿಸಿದಾಳೆ," ಎಂದ ಅಪ್ಪ. ಅಷ್ಟು ಹೇಳಿ ಬಚ್ಚಲಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲಿ ಅತ್ತರಣ್ಣ ನಿಂತಿದ್ದ. ಅಕ್ಕ ಬಾಗಿಲು ಬಾಗಿಲು ಬಡಿದ ಸುದ್ದಿ ಅವನಿಗೂ ಮುಟ್ಟಿತ್ತು.

"ಎಲ್ಲಿಗಮ್ಮಾ ಅವಸರ? ಕೈಲಿ ಏನದು?"

"ಏನಿಲ್ಲ, ದಾರಿ ಬಿಡಣ್ಣಾ."

"ಕೈ ಬಿಚ್ಚು. ಹುಚ್ಚು ಹುಡುಗಿ, ಕೈ ಬಿಚ್ಚು ಅಂದೆ. ನಿನ್ನ ತಂಗಿ ಕಣ್ಣು ಹೋಗಿದೆ, ಒಪ್ದೆ. ಬೇರೆಯೋರ ಒಲೆ ಯಾಕೆ ಆರಿಸ್ತೀಯ? ನಾಳೆಯಿಂದ ಓಣಿಯೆಲ್ಲಾ ನಿನಗೆ ಶಾಪ ಹಾಕುತ್ತೆ."

"ಹಾಕ್ಲಿ."

"ಜೈಲಿಗೆ ಹೋಗ್ತೀಯ!"

"ಹೋಗ್ತೀನಿ. ದಾರಿ ಬಿಡು."

ಅವನು ಅವಳ ಮಣಿಕಟ್ಟು ಹಿಡಿದು ತಿರುಚಿದ. ಬೆರಳುಗಳು ಒಂದೊಂದೇ ಸಡಿಲವಾಗುವ ಹೊತ್ತಿಗೆ ಅಕ್ಕ ತಲೆ ಬಗ್ಗಿಸಿ ಟ್ರಿಗರನ್ನು ಬಾಯಿಗೆ ಹಾಕಿಕೊಂಡಳು. ಹಲ್ಲು ಕಚ್ಚಿದಳು. ಬಿಚ್ಚಿದ ಅಂಗೈಯನ್ನು ಅವನ ಮುಖದ ಮುಂದೆ ಚಾಚಿದಳು. ಅವನು ನೋಡಿದ. ಬಾಯಿಗೆ ಕೈ ಹಾಕಲು ಮುಂದಾದವನು ಗೇಟಿನ ಜನ ಇತ್ತ ತಿರುಗಿದ್ದನ್ನು ಕಂಡು ಕರವಸ್ತ್ರ ಹೊರತೆಗೆದು ಮುಖ ಒರೆಸಿಕೊಂಡ. ಬಚ್ಚಲ ಕೊಚ್ಚೆ, ಎಣ್ಣೆ, ನಾಲಗೆಯ ತುದಿ ಸುಡುವ ಅದೇ ಕಾಸ್ಟಿಕ್ಕಿನ ಜಾರು: ಅಕ್ಕ ಯಾವುದನ್ನೂ ಉಗುಳದೆ, ಉಗುಳನ್ನೂ ನುಂಗದೆ, ಮೆಟ್ಟಿಲು ಹತ್ತಿ, ಸಾಲನ್ನು ದಾಟಿ, ಡಾಕ್ಟರ ಕೋಣೆಯ ಬಾಗಿಲು ತಳ್ಳಿದಳು.

"ತಂದ್ರಾ?" ಎಂದಳು ಡಾಕ್ಟರು.

ಅಕ್ಕ ಮೇಜಿನ ಮೇಲಿದ್ದ ಉಕ್ಕಿನ ತಟ್ಟೆಗೆ ಉಗಿದಳು. ಟಣ್ ಎಂದಿತು.

ಮುಂದಿನದೆಲ್ಲ ಬೇಗ ಬೇಗ ಆಯಿತು. ಡಾಕ್ಟರು ನಕ್ಷತ್ರವನ್ನು ನೋಡಿದಳು, ದೊಡ್ಡಾಸ್ಪತ್ರೆಗೆ ಮಾತಾಡಿದಳು, ದನಿ ಎತ್ತರಿಸಿ ಮಾತಾಡಿದಳು. ಆಮೇಲೆ ಅಕ್ಕನ ಮುಖ ನೋಡದೆ ಪೊಲೀಸಿಗೆ ಮಾತಾಡಿದಳು. ಪುಟ್ಟಿಯನ್ನು ಸ್ಟ್ರೆಚರಿನಲ್ಲಿ ತಂದರು. ಅಪ್ಪ ಪಕ್ಕದಲ್ಲಿ ಅವಳ ಚೀಲ ಹಿಡಿದು ನಡೆಯುತ್ತಿದ್ದ.

"ಅಕ್ಕ ಎಲ್ಲಪ್ಪಾ? ಅವಳು ಬರಲ್ವಾ?"

"ಬರ್ತೀನಿ ಪುಟ್ಟಿ. ಹಿಂದಿನ ಗಾಡೀಲಿ ಬರ್ತೀನಿ." ಅಕ್ಕನ ತುಟಿ ಬಾತುಕೊಂಡು ಮಾತು ತೊದಲುತ್ತಿತ್ತು.

"ಏನೇ ಬಾಯಲ್ಲಿ? ನನ್ನ ಬಿಟ್ಟು ಏನು ತಿಂತಿದ್ದೀಯ?"

"ನೀನೇ ಬೇಯಿಸಿದ್ದು ಕಣೇ," ಎಂದಳು ಅಕ್ಕ. ಬಾಗಿಲು ಮುಚ್ಚಿತು. ಗಾಡಿ ಹೊರಟಿತು. ಎಡಗಣ್ಣು ಉಳಿಯುತ್ತದೋ ಇಲ್ಲವೋ ಡಾಕ್ಟರೂ ಹೇಳಲಿಲ್ಲ. ಸಾಲಿನಲ್ಲಿ ನಿಲ್ಲುವುದು ತಪ್ಪಿತು, ಅಷ್ಟೇ.

ಹಿಂದಿನ ಗಾಡಿ ಪೊಲೀಸರದು. ಮನೆ ತೋರಿಸು ಎಂದರು. ಒಬ್ಬ ಹೆಣ್ಣುಪೇದೆ ಪಕ್ಕದಲ್ಲಿ ಕೂತಳು. ಗೇಟಿನಲ್ಲಿ ಅತ್ತರಣ್ಣನಿರಲಿಲ್ಲ, ಅವನ ವ್ಯಾನೂ ಇರಲಿಲ್ಲ. ಅವನನ್ನು ಹುಡುಕಿ ಎಂದು ಅಕ್ಕ ಹೇಳಿದಳು. ಅವನ ಹೆಸರೇನು ಎಂದು ಕೇಳಿದರು. ಅವನ ನಿಜವಾದ ಹೆಸರು ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಗಾಡಿ ಓಣಿಗೆ ತಿರುಗಿದಾಗ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಬಾಗಿಲ ಸಂದಿಗಳಲ್ಲಿ ಹೆಂಗಸರ ಮುಖಗಳು. ಯಾರ ಮುಖದಲ್ಲೂ ಕರುಣೆಯಿರಲಿಲ್ಲ. ಇವಳು ಪೊಲೀಸರನ್ನು ತಂದವಳು. ಮುಚ್ಚಿದ ಕಿಟಕಿಗಳ ಹಿಂದಿನಿಂದ ಅದೇ ಆವಿಯ ವಾಸನೆ. ಅಷ್ಟೊಂದು ಬಿಡಿಭಾಗಗಳನ್ನು ಅರೆಬೆಂದಂತೆ ಇಳಿಸಿದರೆ ಎಲ್ಲ ಹಾಳು. ಅದಕ್ಕೇ ಯಾರೂ ಒಲೆ ಆರಿಸಿರಲಿಲ್ಲ.

ಅಕ್ಕ ಗಾಡಿಯ ಕಿಟಕಿಯ ಜಾಲರಿಗೆ ಮುಖ ಒತ್ತಿದಳು. ಬಾತ ನಾಲಗೆಯಲ್ಲೇ ಕೂಗಿದಳು:

"ಅತ್ತಿಗೇ! ಕಣ್ಣಿಗೆ ಸಿಡಿದ್ರೆ ನೀರು! ವಿನೆಗರ್ ಹಾಕ್ಬೇಡಿ! ನೀರು ಹಾಕಿ, ಕಣ್ಣು ಬಿಡಿಸಿ ನೀರು ಹಾಕ್ತಾನೇ ಇರಿ! ಕೇಳಿಸ್ತಾ? ನೀರು!"

"ಸುಮ್ನಿರಮ್ಮಾ," ಎಂದಳು ಹೆಣ್ಣುಪೇದೆ.

"ಎಲ್ಲರಿಗೂ ಹೇಳೀ ಅತ್ತಿಗೇ! ಮೂಲೆಮನೆಯೋರಿಗೂ ಹೇಳೀ!"

ಬಾಗಿಲುಗಳು ಸಂದಿಯನ್ನೂ ಬಿಡದೆ ಮುಚ್ಚಿಕೊಂಡವು. ಗಾಡಿ ಮನೆಯ ಮುಂದೆ ನಿಂತು ಇಂಜಿನ್ನು ಆರಿದ ಮೇಲೆ, ಆ ನಿಶ್ಶಬ್ದದಲ್ಲಿ, ಎದುರುಮನೆಯ ಒಳಗಿನಿಂದ ಒಂದು ಸದ್ದು ಬಂತು. ತುಂಬಿದ ಕೊಡವೊಂದನ್ನು ಯಾರೋ ನೆಲದ ಮೇಲೆ ಎಳೆಯುತ್ತಿದ್ದರು. ಕಲ್ಲಿಗೆ ತಳ ಉಜ್ಜುತ್ತ, ಅಲ್ಲಲ್ಲಿ ನಿಂತು, ಮತ್ತೆ ಎಳೆಯುತ್ತ. ಸದ್ದು ಒಲೆಯ ಕಡೆಗೇ ಹೋಗುತ್ತಿತ್ತು.